ಮಂಗಳೂರಿನ ಅಡಿಕೆ, ಏಡನ್ನಿನ ಕಾಗದ

“ನನ್ನ ತರಗತಿಯಲ್ಲಿ ಇಬ್ಬರು ಹುಡುಗರು ಮಾತು ಬಿಟ್ಟಿದ್ದಾರೆ ಸರ್,” ಎಂದರು ಶಿಕ್ಷಕಿ. “ಒಬ್ಬನ ಅಣ್ಣ ಮೊಬೈಲ್ ಸ್ಟೇಟಸ್‌ಗೆ ಇಸ್ರೇಲ್ ಬಾವುಟ ಹಾಕಿದ್ದಾನೆ. ಇನ್ನೊಬ್ಬನ ಮನೆಯವರು ಪ್ಯಾಲೆಸ್ಟೈನ್ ಬಾವುಟ ಹಾಕಿದ್ದಾರೆ. ಇಬ್ಬರೂ ಒಂದೇ ಬಸ್ಸಿಗೆ ಬರೋ ಮಕ್ಕಳು. ಇವರಲ್ಲಿ ಯಾರೂ ಒಬ್ಬ ಯಹೂದಿಯನ್ನು ಕಣ್ಣಾರೆ ಕಂಡವರಲ್ಲ. ನಾನೂ ಕಂಡಿಲ್ಲ.”

ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಕೂತು ಆಡುವ ಮಾತೇ ಇದು ಎಂದು ಯಾರಿಗಾದರೂ ಅನ್ನಿಸಬಹುದು. 1739ರಲ್ಲಿ ಸಂತ ಸೇವಾಲಾಲರು ಹುಟ್ಟಿದ ಊರು ಇದು. ಫೆಬ್ರುವರಿಯ ಜಯಂತಿಗೆ ಹೊರರಾಜ್ಯಗಳಿಂದಲೂ ಲಂಬಾಣಿಗರು ಬರುತ್ತಾರೆ, ಇಲ್ಲಿಯ ಭಾಯಾಗಡ ಕ್ಷೇತ್ರದ ಸುತ್ತ ಕೆಂಪು ಬಟ್ಟೆಯ ಮಾಲಾಧಾರಿಗಳೇ ತುಂಬಿರುತ್ತಾರೆ. ಉಳಿದ ದಿನಗಳಲ್ಲಿ ಊರು ತನ್ನ ಪಾಡಿಗೆ ತಾನಿರುತ್ತದೆ. ಮೇಷ್ಟ್ರು ಇಲ್ಲಿಯ ತಾಂಡಾದವರು, ಇತಿಹಾಸ ಪಾಠ ಮಾಡಿ ನಿವೃತ್ತರಾದವರು. ಶಿಕ್ಷಕಿ ಹೊನ್ನಾಳಿಯ ಮುಸ್ಲಿಂ ಮನೆತನದ ಹೆಣ್ಣುಮಗಳು, ಹೈಸ್ಕೂಲಿನಲ್ಲಿ ಅವರ ವಿದ್ಯಾರ್ಥಿನಿಯಾಗಿದ್ದವರು. ಈಗ ಹಳ್ಳಿಯ ಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತಾರೆ.

“ಯಹೂದಿಯನ್ನ ನೋಡೋಕೆ ಜೆರುಸಲೇಮಿಗೆ ಹೋಗಬೇಕಿಲ್ಲಮ್ಮ,” ಎಂದರು ಮೇಷ್ಟ್ರು. “ಮಂಗಳೂರಿಗೆ ಹೋದರೆ ಸಾಕು. ಆದರೆ ಒಂಬೈನೂರು ವರ್ಷ ಹಿಂದಕ್ಕೆ ಹೋಗಬೇಕು.”

ಅವರು ಹೇಳತೊಡಗಿದ್ದು ಅಬ್ರಹಾಂ ಬೆನ್ ಯಿಜು ಎಂಬ ವರ್ತಕನ ಕತೆ. ಇಂದಿನ ಟ್ಯುನೀಷಿಯಾದ ಮಹದಿಯಾ ಎಂಬ ಬಂದರು ಅವನ ಊರು. ಅಲ್ಲಿಂದ ಯೆಮೆನ್‌ನ ಏಡನ್ ಬಂದರಿಗೆ ಬಂದು, ಏಡನ್‌ನಿಂದ ಸಮುದ್ರ ದಾಟಿ ಮಂಗಳೂರಿಗೆ ಬಂದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಅವನ ಪತ್ರವೊಂದು ಇಂದಿಗೂ ಇದೆ. ಆಶು ಎಂಬ ದಾಸಿಯನ್ನು ಬಂಧನದಿಂದ ಬಿಡಿಸಿ, ಬೆರಾಖಾ ಎಂದು ಹೆಸರಿಟ್ಟ ದಾಖಲೆ ಅದು. ಅವಳ ಜೊತೆಗೇ ಅವನು ಸಂಸಾರ ಹೂಡಿದ. ನಡುವೆ ಏಡನ್‌ಗೆ ಹೋಗಿ ಬಂದದ್ದುಂಟು. ಆದರೂ 1149ರವರೆಗೆ ಅವನ ಬದುಕಿಗೆ, ವಹಿವಾಟಿಗೆ ಈ ಕರಾವಳಿಯೇ ನೆಲೆ. ಇಲ್ಲಿ ಕಂಚಿನ ಪಾತ್ರೆಗಳ ಕಾರ್ಯಾಗಾರವನ್ನೂ ನಡೆಸುತ್ತಿದ್ದ. ಏಡನ್‌ನ ಗಿರಾಕಿಗಳು ಒಡಕು ಪಾತ್ರೆಗಳನ್ನು ಕಳಿಸಿ, ಇಂಥ ಅಳತೆಯ ದೀಪ, ಇಂಥ ಅಂಚಿನ ತಟ್ಟೆ ಮಾಡಿಸಿ ಕೊಡು ಎಂದು ಬರೆಯುತ್ತಿದ್ದರು.

“ಇಷ್ಟೆಲ್ಲ ಗೊತ್ತಾಗಿದ್ದು ಹೇಗೆ ಸರ್? ಮಂಗಳೂರಿನಲ್ಲಿ ಶಾಸನ ಇದೆಯಾ?”

“ಶಾಸನ ಅಲ್ಲ, ಕಾಗದ. ಅದೂ ಕೈರೋದಲ್ಲಿ ಸಿಕ್ಕಿದ್ದು.”

ದೇವರ ಹೆಸರಿರುವ ಬರಹವನ್ನು ಎಲ್ಲೆಂದರಲ್ಲಿ ಎಸೆಯಬಾರದು ಎಂಬುದು ಯಹೂದಿಗಳ ನಿಯಮ. ಹಳೆಯ ಕೈರೋದ ಬೆನ್ ಎಜ್ರಾ ಪ್ರಾರ್ಥನಾ ಮಂದಿರದವರು ಹರಿದ ಪುಸ್ತಕ, ಹಳೆಯ ಪತ್ರ, ಲೆಕ್ಕದ ಚೀಟಿಗಳನ್ನೆಲ್ಲ ಒಂದು ಕೋಣೆಗೆ ಹಾಕುತ್ತ ಬಂದರು. ಅದಕ್ಕೆ ಗೆನೀಜಾ ಎನ್ನುತ್ತಾರೆ. ಹೀಗೆ ಶತಮಾನಗಳ ಕಾಗದ ಒಂದೇ ಕಡೆ ಸೇರಿತು. ಅದರ ಬಹುದೊಡ್ಡ ಪಾಲನ್ನು ಸಾಲೊಮನ್ ಶೆಕ್ಟರ್ ಎಂಬ ವಿದ್ವಾಂಸ 1896–97ರಲ್ಲಿ ಕೇಂಬ್ರಿಜ್‌ಗೆ ಸಾಗಿಸಿದ. ಆ ರಾಶಿಯಿಂದ ವರ್ತಕರ ಪತ್ರಗಳನ್ನು ಹುಡುಕಿ ಓದುವುದಕ್ಕೆ ಎಸ್.ಡಿ. ಗಾಯ್ಟೈನ್ ತಮ್ಮ ಆಯುಷ್ಯದ ದಶಕಗಳನ್ನೇ ಕೊಟ್ಟರು. ಇತ್ತ ಯೆಮೆನ್‌ನ ಸನಾ ನಗರದ ದೊಡ್ಡ ಮಸೀದಿಯಲ್ಲಿ 1972ರಲ್ಲಿ ದುರಸ್ತಿ ನಡೆಯುವಾಗ ಛಾವಣಿಯ ನಡುವೆ ಅತಿ ಪ್ರಾಚೀನ ಕುರಾನ್ ಹಾಳೆಗಳ ರಾಶಿಯೇ ಸಿಕ್ಕಿತು. ಅವನ್ನು ಅಲ್ಲಿಟ್ಟದ್ದರ ಹಿಂದೆಯೂ ಇದ್ದದ್ದು ಪವಿತ್ರ ಅಕ್ಷರವನ್ನು ಕಾಲಡಿಗೆ ಬೀಳಿಸಬಾರದೆಂಬ ಭಕ್ತಿಯೇ.

“ನಮ್ಮ ಮನೆಯಲ್ಲೂ ಹಾಗೇ. ಕುರಾನಿನ ಹಾಳೆ ಹಳತಾದರೆ ಕಸಕ್ಕೆ ಹಾಕೋದಿಲ್ಲ, ಮಣ್ಣು ಮಾಡ್ತೀವಿ,” ಎಂದ ಶಿಕ್ಷಕಿ ಕೇಳಿದರು: “ಹಾಗಾದರೆ ಆ ಪತ್ರಗಳು ಹೀಬ್ರೂ ಭಾಷೆಯಲ್ಲಿವೆಯಾ?”

“ಇಲ್ಲ. ಲಿಪಿ ಹೀಬ್ರೂ, ಭಾಷೆ ಅರಬ್ಬಿ! ಜೋರಾಗಿ ಓದಿದರೆ ಆ ಕಾಲದ ಮುಸ್ಲಿಂ ವರ್ತಕನಿಗೆ ಪೂರ್ತಿ ಅರ್ಥವಾಗೋ ಮಾತು. ನಮ್ಮ ತಾಂಡಾದ ಹುಡುಗರು ಗೋರಬೋಲಿಯನ್ನು ಕನ್ನಡ ಅಕ್ಷರದಲ್ಲಿ ಬರೆದು ವಾಟ್ಸಾಪ್ ಮಾಡ್ತಾರಲ್ಲ, ಹಾಗೆ. ಮನೆಯಲ್ಲಿ, ಅಂಗಡಿಯಲ್ಲಿ ಅವರು ಆಡುತ್ತಿದ್ದದ್ದು ಅರಬ್ಬಿ. ‘ಇನ್ಶಾ ಅಲ್ಲಾ’ ಅಂತಲೇ ಬರೀತಾರೆ.”

ಇಲ್ಲಿ ಒಂದು ಸಂಗತಿಯನ್ನು ಸೇರಿಸಲೇಬೇಕು. ಬೆನ್ ಯಿಜು ಮತ್ತು ಅವನ ಆಳಿನ ಕತೆಯನ್ನು 1992ರಲ್ಲಿ ‘ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್’ ಎಂಬ ಪುಸ್ತಕವಾಗಿಸಿದವರು ಅಮಿತಾವ್ ಘೋಷ್. ಅವರಿಗೆ ಈ ಪತ್ರಗಳ ಅರಬ್ಬಿ ಕೈಗೆ ಸಿಕ್ಕಿದ್ದು, ಈಜಿಪ್ಟಿನ ಹಳ್ಳಿಯಲ್ಲಿ ಮುಸ್ಲಿಂ ರೈತರ ನಡುವೆ ಇದ್ದು ಕಲಿತ ಆಡುಮಾತಿನಿಂದ. ಹನ್ನೆರಡನೇ ಶತಮಾನದ ಯಹೂದಿಯ ಕಾಗದಕ್ಕೆ ಇಪ್ಪತ್ತನೇ ಶತಮಾನದ ಮುಸ್ಲಿಂ ರೈತನ ಮಾತೇ ಕೀಲಿಯಾಯಿತು. ಪತ್ರಗಳಲ್ಲಿ ಬರುವ ಆಳಿನ ಹೆಸರನ್ನು ‘ಬೊಮ್ಮ’ ಎಂದು ಓದುವಾಗ ಅವರಿಗೆ ನೆರವಾದವರು ನಮ್ಮ ಬಿ.ಎ. ವಿವೇಕ ರೈ. ತುಳುನಾಡಿನ ಬೊಮ್ಮನೂ ಹೀಗೆ ಈ ಕತೆಯೊಳಗೆ ಬಂದ. ಏಡನ್‌ನ ದೊಡ್ಡ ಯಹೂದಿ ವರ್ತಕರು ಪತ್ರದ ಕೊನೆಯಲ್ಲಿ ಅವನಿಗೂ ನಮಸ್ಕಾರ ಹೇಳಿ ಕಳಿಸುತ್ತಿದ್ದರು.

ಶಿಕ್ಷಕಿಗೆ ಸರಕಿನ ಪಟ್ಟಿ ಬೇಕಿತ್ತು. ಮೇಷ್ಟ್ರು ಹೇಳುತ್ತ ಹೋದರು: ಇಲ್ಲಿಂದ ಮೆಣಸು, ಏಲಕ್ಕಿ, ಕಬ್ಬಿಣ, ಅಡಿಕೆ. ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬಾದಾಮಿ, ಸಾಬೂನು, ಬರೆಯುವ ಕಾಗದ. ಒಳ್ಳೆಯ ಕಾಗದ ಮಂಗಳೂರಿನಲ್ಲಿ ಸಿಗುತ್ತಿರಲಿಲ್ಲ. ಅದಕ್ಕೇ ಏಡನ್‌ನ ಸ್ನೇಹಿತರು ಉಡುಗೊರೆಯಾಗಿ ಹಾಳೆಗಳನ್ನು ಕಳಿಸುತ್ತಿದ್ದರು.

“ಅಡಿಕೆಯೂ ಇತ್ತಾ!” ಶಿಕ್ಷಕಿಯ ಮುಖ ಅರಳಿತು. ಚನ್ನಗಿರಿ, ಹೊನ್ನಾಳಿ ಕಡೆಯವರಿಗೆ ಅಡಿಕೆ ಎಂದರೆ ಮನೆ ಕಟ್ಟಿಸುವ, ಮದುವೆ ಮಾಡಿಸುವ ಬೆಳೆ. “ಇದೊಂದನ್ನು ಹೇಳಿದರೆ ಮಕ್ಕಳು ಕಿವಿ ನಿಮಿರಿಸಿಕೊಂಡು ಕೇಳ್ತಾರೆ ಸರ್. ಆದರೆ ಇದುವರೆಗೂ ಇದು ಬರೀ ಯಹೂದಿಗಳ ಕತೆಯಾಯ್ತು. ಮುಸ್ಲಿಮರು ಎಲ್ಲಿ?”

“ಹಡಗು ಯಾರದು ಅಂದುಕೊಂಡೆ?”

ಬೆನ್ ಯಿಜುವಿನ ಬಳಗದ ಸರಕು ಸಾಗುತ್ತಿದ್ದ ಹಡಗುಗಳಲ್ಲಿ ಬಹಳ ಹೆಸರುವಾಸಿಯಾದವು ರಾಮಿಷ್ತ್ ಎಂಬುವನವು. ಅವನು ಪರ್ಷಿಯಾದ ಸಿರಾಫ್ ಮೂಲದ ಮುಸ್ಲಿಂ ವರ್ತಕ, ಅಪಾರ ಶ್ರೀಮಂತ. ಮೆಕ್ಕಾದ ಕಾಬಾಕ್ಕೆ ಚಿನ್ನದ ನೀರುದೋಣಿ ಮಾಡಿಸಿ ಕೊಟ್ಟವನು, ಅದಕ್ಕೆ ಚೀನಾದ ಬಟ್ಟೆ ಹೊದಿಸಿದವನು. ಯಹೂದಿ ವರ್ತಕರು ತಮ್ಮ ಮೆಣಸನ್ನೂ ಕಬ್ಬಿಣವನ್ನೂ ಧೈರ್ಯವಾಗಿ ಅವನ ಹಡಗಿಗೆ ಏರಿಸುತ್ತಿದ್ದರು. ಏಡನ್‌ನಲ್ಲಿ ಬೆನ್ ಯಿಜುವಿನ ಹಿರಿಯ ಸ್ನೇಹಿತ ಮದ್ಮೂನ್ ಎಂಬಾತ ಅಲ್ಲಿಯ ಯಹೂದಿಗಳ ಮುಖಂಡ, ಬಂದರಿನ ವರ್ತಕರ ಪ್ರತಿನಿಧಿ. ಏಡನ್‌ನ ಮುಸ್ಲಿಂ ಅಧಿಪತಿ ಬಿಲಾಲ್ ಜೊತೆ ಪಾಲುದಾರನಾಗಿ ಅವನು ಸಿಂಹಳಕ್ಕೆ ಹಡಗು ಕಳಿಸಿದ್ದ.

“1135ರ ಸುಮಾರಿಗೆ ಒಂದು ಯುದ್ಧವೂ ಆಯ್ತು,” ಮೇಷ್ಟ್ರು ತುಸು ಮುಂದಕ್ಕೆ ಬಾಗಿ ಹೇಳಿದರು. ಇತಿಹಾಸ ಪಾಠದಲ್ಲಿ ಯುದ್ಧ ಬಂದಾಗ ಅವರ ದನಿ ಏರುವುದು ಹಳೆಯ ಶಿಷ್ಯರಿಗೆಲ್ಲ ಗೊತ್ತು. “ಪರ್ಷಿಯಾ ಕೊಲ್ಲಿಯ ಕೀಶ್ ದ್ವೀಪದ ದೊರೆ ಏಡನ್ ಮೇಲೆ ನೌಕಾಪಡೆ ಕಳಿಸಿದ. ಎರಡು ತಿಂಗಳು ಬಂದರಿಗೆ ಮುತ್ತಿಗೆ. ಊರೊಳಗೆ ಎಲ್ಲರೂ ಸಿಕ್ಕಿಬಿದ್ದರು, ಯಹೂದಿಗಳೂ ಮುಸ್ಲಿಮರೂ. ಆಗ ರಾಮಿಷ್ತ್‌ನ ಎರಡು ದೊಡ್ಡ ಹಡಗು ಬಂದವು. ಊರಿನ ಸೈನಿಕರು ಅವನ್ನ ಹತ್ತಿ ಹೋರಾಡಿ ಶತ್ರುಗಳನ್ನ ಓಡಿಸಿದರು. ಈ ಸುದ್ದಿ ಮಂಗಳೂರಿಗೆ ಬೆನ್ ಯಿಜುವಿಗೆ ಪತ್ರದಲ್ಲೇ ಬಂತು.”

“ಮುತ್ತಿಗೆ ಹಾಕಿದವನೂ ಮುಸ್ಲಿಂ, ಬಿಡಿಸಿದವನೂ ಮುಸ್ಲಿಂ.”

“ಹೌದು. ನಿನ್ನ ಹುಡುಗರಿಗೆ ಬಾವುಟ ಹಂಚೋಕೆ ಹೇಳು ನೋಡೋಣ. ಯಾರ ಕೈಗೆ ಯಾವುದು ಕೊಡ್ತಾರೆ?”

ಶಿಕ್ಷಕಿ ಅಷ್ಟು ಸುಲಭವಾಗಿ ಒಪ್ಪುವವರಲ್ಲ. ಈ ಲೇಖನಕ್ಕೆ ಬೆಲೆ ಬರುವುದಾದರೆ ಅವರ ಮುಂದಿನ ಪ್ರಶ್ನೆಯಿಂದಲೇ ಬರಬೇಕು. “ದುಡ್ಡು ಓಡಾಡೋವಾಗ ಎಲ್ಲರೂ ಚೆನ್ನಾಗೇ ಇರ್ತಾರೆ ಸರ್. ಸಂತೆಯಲ್ಲಿ ಯಾರೂ ಜಾತಿ ಕೇಳಲ್ಲ, ಸಂಜೆ ಊರಿಗೆ ಬಂದ ಮೇಲೆ ಕೇಳ್ತಾರೆ. ಅದೂ ಅಲ್ಲದೆ ಆ ಕಾಲದ ಯಹೂದಿ ಮುಸ್ಲಿಂ ರಾಜ್ಯದಲ್ಲಿ ಸರಿಸಮಾನ ಆಗಿರಲಿಲ್ಲ, ಜಿಜಿಯಾ ತೆರಿಗೆ ಕೊಡಬೇಕಿತ್ತು. 1066ರಲ್ಲಿ ಗ್ರನಾಡದಲ್ಲಿ ಯಹೂದಿಗಳ ಕಗ್ಗೊಲೆ ಆಯ್ತು. ಅಲ್‌ಮೊಹದ್ ದೊರೆಗಳು ಸ್ಪೇನ್, ಮೊರಾಕ್ಕೊದಲ್ಲಿ ಮತ ಬದಲಿಸಿ, ಇಲ್ಲವೇ ಸಾಯಿರಿ ಅಂದರು. ನನ್ನವರು ಅಂತ ನಾನು ಇದನ್ನ ಮುಚ್ಚಿಡಲಾರೆ.”

ಮೇಷ್ಟ್ರು ಇದನ್ನು ತಳ್ಳಿಹಾಕಲಿಲ್ಲ. ಬದಲಿಗೆ ಅದೇ ಕಾಲದ ಇನ್ನೊಬ್ಬನ ಹೆಸರೆತ್ತಿದರು: ಮೂಸಾ ಇಬ್ನ್ ಮೈಮೂನ್, ಜಗತ್ತು ಮೈಮೊನಿಡೀಸ್ ಎಂದು ಕರೆಯುವ ಯಹೂದಿ ದಾರ್ಶನಿಕ. ಕಾರ್ಡೊಬಾದಲ್ಲಿ ಹುಟ್ಟಿದವನು. ಅವನ ಮನೆತನ ಅಲ್‌ಮೊಹದ್‌ರ ಕಾಟಕ್ಕೆ ಊರು ಬಿಟ್ಟಿತು. ಅವನಿಗೆ ನೆಲೆ ಸಿಕ್ಕಿದ್ದು ಮತ್ತೊಂದು ಮುಸ್ಲಿಂ ರಾಜ್ಯದಲ್ಲಿ, ಈಜಿಪ್ಟಿನಲ್ಲಿ. ಸಲಾಹುದ್ದೀನನ ಆಸ್ಥಾನದ ಅಲ್-ಫಾದಿಲ್ ಅವನನ್ನು ವೈದ್ಯನಾಗಿ ಇರಿಸಿಕೊಂಡ. ಯಹೂದಿ ಧರ್ಮದ ಅತ್ಯಂತ ಗಹನವಾದ ಗ್ರಂಥಗಳಲ್ಲೊಂದನ್ನು ಅವನು ಬರೆದದ್ದು ಅರಬ್ಬಿಯಲ್ಲಿ. ಅವನ ತಮ್ಮ ದಾವೀದ್ ವ್ಯಾಪಾರಕ್ಕೆಂದು ಭಾರತದ ಕಡೆ ಹೊರಟವನು ಹಿಂದೂ ಮಹಾಸಾಗರದಲ್ಲಿ ಮುಳುಗಿ ಸತ್ತ. ಆ ದುಃಖದಲ್ಲಿ ಅಣ್ಣ ವರ್ಷಕಾಲ ಹಾಸಿಗೆ ಹಿಡಿದ.

“ಅಟ್ಟಿದವರೂ ಇದ್ದರು, ಆಸರೆ ಕೊಟ್ಟವರೂ ಇದ್ದರು. ಎರಡನ್ನೂ ಹೇಳಬೇಕು,” ಎಂದರು ಮೇಷ್ಟ್ರು. “ಇನ್ನು ವ್ಯಾಪಾರದ ಮಾತು. ಮಂಗಳೂರಿನಲ್ಲಿ ಕೂತವನು ಏಡನ್‌ನವನಿಗೆ ಮೋಸ ಮಾಡಿದರೆ ಪೊಲೀಸ್ ಠಾಣೆ ಎಲ್ಲಿತ್ತು? ಇಲ್ಲಿಯ ಒಬ್ಬ ವ್ಯಾಪಾರಿ ಏಲಕ್ಕಿಗೆ ಮುಂಗಡ ಹಣ ತಗೊಂಡು ಸರಕು ಕೊಡದೆ ಸತಾಯಿಸಿದ. ಏಡನ್‌ನವರು ವರ್ಷಾನುಗಟ್ಟಲೆ ಆ ವಿಚಾರ ಬರೆದರು. ಕೊನೆಗೆ ಅವರ ಹತ್ತಿರ ಇದ್ದ ಅಸ್ತ್ರ ಅಂದರೆ, ಅವನ ಮಾನ ನಾಲ್ಕು ಜನರ ಮುಂದೆ ಹರಾಜಾಗುತ್ತೆ ಅನ್ನೋ ಎಚ್ಚರಿಕೆ. ಆ ಲೋಕ ನಿಂತಿದ್ದೇ ಬಾಯಿಮಾತಿನ ಮೇಲೆ. ಬೇರೆ ಧರ್ಮದವನ ಮಾತನ್ನೂ ನಂಬಲೇಬೇಕಿತ್ತು, ಅವನೂ ಉಳಿಸಿಕೊಳ್ಳಬೇಕಿತ್ತು. ಇದನ್ನ ಬರೀ ಲಾಭ ಅಂದರೆ ನಾನು ಒಪ್ಪಲ್ಲ.”

ಇದಕ್ಕೂ ಹಿಂದಿನ ಸಾಕ್ಷಿ ಕೇರಳದ ಕೊಲ್ಲಂನದು. 849ರ ತಾಮ್ರಪಟವೊಂದರಲ್ಲಿ ವೇಣಾಡಿನ ಒಡೆಯ ಕ್ರೈಸ್ತರ ಚರ್ಚ್‌ಗೆ ದತ್ತಿ ಕೊಟ್ಟಿದ್ದಾನೆ. ಅದಕ್ಕೆ ಸಾಕ್ಷಿ ಹಾಕಿದ ವಿದೇಶಿ ವರ್ತಕರ ಸಹಿಗಳು ಮೂರು ಲಿಪಿಯಲ್ಲಿವೆ: ಅರಬ್ಬಿ, ಪಹ್ಲವಿ ಮತ್ತು ಹೀಬ್ರೂ. ಅಂದರೆ ಕ್ರೈಸ್ತರ ಆಸ್ತಿಗೆ ಮುಸ್ಲಿಂ, ಪಾರ್ಸಿ ಮತ್ತು ಯಹೂದಿ ವರ್ತಕರು ಒಂದೇ ಪಟದ ಮೇಲೆ ಸಾಕ್ಷಿ ನಿಂತಿದ್ದಾರೆ.

ಈಗ ಹೇಳುವ ಸರದಿ ಶಿಕ್ಷಕಿಯದಾಯಿತು. ನೂರ್ ಇನಾಯತ್ ಖಾನ್ ಹೆಸರು ಕೇಳಿದ್ದೀರಾ ಎಂದರು. ಆಕೆಯ ತಂದೆ ಸೂಫಿ ಗುರು, ಸಂಗೀತಗಾರ ಹಜರತ್ ಇನಾಯತ್ ಖಾನ್. ಟಿಪ್ಪು ಸುಲ್ತಾನನ ವಂಶದವರು. ಎರಡನೇ ಮಹಾಯುದ್ಧದಲ್ಲಿ ನೂರ್ ಬ್ರಿಟನ್ನಿನ ಗುಪ್ತದಳ ಸೇರಿ, ನಾಜಿಗಳ ಹಿಡಿತದಲ್ಲಿದ್ದ ಪ್ಯಾರಿಸ್‌ನಿಂದ ವೈರ್‌ಲೆಸ್ ಸಂದೇಶ ಕಳಿಸುತ್ತಿದ್ದರು. ಸಿಕ್ಕಿಬಿದ್ದಾಗ ಸಂಗಡಿಗರ ಗುಟ್ಟು ಬಿಡಲಿಲ್ಲ. 1944ರ ಸೆಪ್ಟೆಂಬರ್ 13ರಂದು ಡಾಖಾವ್ ಶಿಬಿರದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಸಾವಿರಾರು ಯಹೂದಿಗಳು ಪ್ರಾಣಬಿಟ್ಟ ಶಿಬಿರ ಅದು.

“ಶ್ರೀರಂಗಪಟ್ಟಣದ ಸುಲ್ತಾನನ ಕುಡಿ, ಯಹೂದಿಗಳನ್ನ ಕೊಂದವರ ವಿರುದ್ಧ ಹೋರಾಡಿ ಅವರದೇ ಶಿಬಿರದಲ್ಲಿ ಸತ್ತಳು. ಟಿಪ್ಪು ಬಗ್ಗೆ ಇಷ್ಟು ಜಗಳ ಆಡ್ತೀವಿ, ಈಕೆ ಬಗ್ಗೆ ನಮ್ಮ ಮಕ್ಕಳಿಗೆ ಒಂದು ಸಾಲೂ ಗೊತ್ತಿಲ್ಲ,” ಎನ್ನುವಾಗ ಶಿಕ್ಷಕಿಯ ಮಾತಿನಲ್ಲಿ ನೋವೂ ಇತ್ತು, ಹೆಮ್ಮೆಯೂ ಇತ್ತು.

ಅಲ್ಲಿಂದ ಮಾತು ಕೋಲ್ಕತ್ತಕ್ಕೆ ಹೋಯಿತು. 1881ರಲ್ಲಿ ಆರಂಭವಾದ ಅಲ್ಲಿಯ ಯಹೂದಿ ಹೆಣ್ಣುಮಕ್ಕಳ ಶಾಲೆಯಲ್ಲಿ ಇಂದು ಓದುವವರಲ್ಲಿ ಹೆಚ್ಚಿನವರು ಮುಸ್ಲಿಂ ಹುಡುಗಿಯರು. ಅಲ್ಲಿಯ ಯಹೂದಿ ಪ್ರಾರ್ಥನಾ ಮಂದಿರಗಳನ್ನು ತಲೆಮಾರುಗಳಿಂದ ಗುಡಿಸಿ, ದೀಪ ಒರೆಸಿ ಕಾಯ್ದುಕೊಂಡು ಬಂದವರು ಮುಸ್ಲಿಂ ಕುಟುಂಬಗಳವರು. ಕೊಚ್ಚಿಯ ಯಹೂದಿ ಬೀದಿಯ ಹಿರಿಯ ಜೀವ ಸಾರಾ ಕೋಹೆನ್ 2019ರಲ್ಲಿ ತೀರಿಕೊಳ್ಳುವವರೆಗೂ ಅವರನ್ನು ಮಗನಂತೆ ನೋಡಿಕೊಂಡು, ಅವರ ಕಸೂತಿ ಅಂಗಡಿ ನಡೆಸಿದವರೂ ಒಬ್ಬ ಮುಸ್ಲಿಂ ನೆರೆಯವರೇ. ಈಜಿಪ್ಟಿನ ದಮನ್‌ಹೂರ್ ಬಳಿ ಮೊರಾಕ್ಕೊದಿಂದ ಬಂದ ಯಹೂದಿ ಸಂತ ಅಬು ಹಸೀರಾನ ಸಮಾಧಿಯಿದೆ. ಅದಕ್ಕೆ ಸುತ್ತಲಿನ ಮುಸ್ಲಿಮರೂ ಹರಕೆ ಹೊರುತ್ತಿದ್ದರು. ಅಲ್ಲಿಯ ಉತ್ಸವವನ್ನು 2014ರಲ್ಲಿ ಈಜಿಪ್ಟಿನ ನ್ಯಾಯಾಲಯ ನಿಷೇಧಿಸಿತು.

“ನೋಡಿದಿರಾ ಸರ್, ಕೊನೆಗೆ ಎಲ್ಲಿಗೆ ಬಂತು?”

“ಬಂತು. ಯಾವಾಗ ಬಂತು ಅನ್ನೋದನ್ನೂ ನೋಡಬೇಕು.” ಮೇಷ್ಟ್ರ ಮುಖ್ಯ ಮಾತು ಇದೇ ಆಗಿತ್ತು. “ಟಿವಿಯಲ್ಲಿ ಕೂತವರು ಇದು ಸಾವಿರಾರು ವರ್ಷದ ದ್ವೇಷ ಅಂತಾರೆ. ಅದು ಸುಳ್ಳು. ಈಗಿನ ಜಗಳಕ್ಕೆ ತಾರೀಕು ಇದೆ. 1917ರಲ್ಲಿ ಬ್ರಿಟಿಷರು ಬಾಲ್ಫರ್ ಘೋಷಣೆ ಮಾಡಿ ಪ್ಯಾಲೆಸ್ಟೈನಿನಲ್ಲಿ ಯಹೂದಿಗಳ ನೆಲೆಗೆ ಬೆಂಬಲ ಕೊಟ್ಟರು. 1941ರಲ್ಲಿ ಬಾಗ್ದಾದಿನಲ್ಲಿ ಯಹೂದಿಗಳ ಮೇಲೆ ದಾಳಿ ಆಯ್ತು. 1948ರಲ್ಲಿ ಇಸ್ರೇಲ್ ಆಯ್ತು, ಸುಮಾರು 7 ಲಕ್ಷ ಪ್ಯಾಲೆಸ್ಟೈನಿಯರು ಮನೆ ಕಳಕೊಂಡರು. ಆಮೇಲೆ 1950–51ರಲ್ಲಿ ಇರಾಕಿನ ಸುಮಾರು 1,20,000 ಯಹೂದಿಗಳು ಊರು ಬಿಟ್ಟರು. ಎರಡೂ ಕಡೆ ಮನೆ ಕಳಕೊಂಡ ಅಜ್ಜಿಯರಿದ್ದಾರೆ. 2023ರ ಅಕ್ಟೋಬರ್ 7ರಂದು ಹಮಾಸ್ ದಾಳಿಯಲ್ಲಿ ಸುಮಾರು 1,200 ಜನ ಸತ್ತರು, ಆಮೇಲೆ ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತರು, ಅದರಲ್ಲಿ ಎಷ್ಟೊಂದು ಮಕ್ಕಳು. ಬೆನ್ ಯಿಜುವಿನ ಕತೆ ಹೇಳಿ ಈ ಸಾವುಗಳ ಮೇಲೆ ಬಟ್ಟೆ ಹೊದಿಸೋಕಾಗಲ್ಲ. ಆದರೆ ನೂರು ವರ್ಷದ ಜಗಳಕ್ಕೆ ಸಾವಿರ ವರ್ಷದ ವಯಸ್ಸು ಕಟ್ಟಿದರೆ, ಇದು ರಕ್ತದಲ್ಲೇ ಇದೆ, ಬಿಡಿಸೋಕಾಗಲ್ಲ ಅಂತ ಮಕ್ಕಳು ನಂಬಿಬಿಡ್ತಾರೆ.”

ಆ ನಂಬಿಕೆಯೇ ದೊಡ್ಡ ಅಪಾಯ ಎಂಬುದು ಈ ಲೇಖಕನ ನಿಲುವೂ ಹೌದು. ದ್ವೇಷ ಹುಟ್ಟುಗುಣ ಎಂದು ಕಲಿತ ಮಗು ಪಕ್ಕದ ಬೆಂಚಿನವನನ್ನೂ ಅದೇ ಕಣ್ಣಿನಿಂದ ನೋಡುತ್ತದೆ. ಸೂರಗೊಂಡನಕೊಪ್ಪದಿಂದ ಗಾಜಾ ದೂರ, ಆದರೆ ಮೊಬೈಲ್ ಆ ದೂರವನ್ನು ಅಳಿಸಿಹಾಕಿದೆ. ಸುದ್ದಿ ಕ್ಷಣದಲ್ಲಿ ತಲುಪುತ್ತದೆ, ಅದರ ಹಿಂದಿನ ಚರಿತ್ರೆ ಮಾತ್ರ ತಲುಪುವುದಿಲ್ಲ. ಅದನ್ನು ತಲುಪಿಸಲು ಇಂಥ ಮೇಷ್ಟ್ರು, ಇಂಥ ಶಿಕ್ಷಕಿ ಬೇಕು.

ಬೆನ್ ಯಿಜುವಿಗೆ ಕೊನೆಗೆ ಏನಾಯಿತು ಎಂದು ಶಿಕ್ಷಕಿ ಕೇಳಿದರು. 1148ರಲ್ಲಿ ಸಿಸಿಲಿಯ ಕ್ರೈಸ್ತ ದೊರೆ ಎರಡನೇ ರೋಜರನ ಪಡೆ ಮಹದಿಯಾವನ್ನು ಹಿಡಿಯಿತು. ಬೆನ್ ಯಿಜುವಿನ ಮನೆಮಂದಿ ಸಿಸಿಲಿಗೆ ಚದುರಿದರು. 1149ರಲ್ಲಿ ಮಕ್ಕಳನ್ನು ಕರೆದುಕೊಂಡು ಏಡನ್‌ಗೆ ಮರಳಿದ ಅವನು ಅಲ್ಲಿಂದ ಒಡಹುಟ್ಟಿದವರಿಗೆ ಪತ್ರ ಬರೆದ. ತಾನು ಕ್ಷೇಮವಾಗಿ ಮರಳಿದ್ದೇನೆ, ಗಳಿಸಿದ್ದು ಎಲ್ಲರಿಗೂ ಸಾಕಾಗುವಷ್ಟಿದೆ, ಮಗಳನ್ನು ಸೋದರನ ಮಗನಿಗೆ ಕೊಡುತ್ತೇನೆ ಎಂದು. ಆ ಮದುವೆ 1156ರಲ್ಲಿ ಹಳೆಯ ಕೈರೋದಲ್ಲಿ ನಡೆಯಿತು. ವಧುವಿನ ಹೆಸರು ಸಿತ್ ಅಲ್-ದಾರ್. ಹೆಸರು ಅಪ್ಪಟ ಅರಬ್ಬಿ.

“ಆಶು?”

“ಅವಳದೊಂದು ಪತ್ರವೂ ಇಲ್ಲ. ಬಂಧನ ಬಿಡಿಸಿದ ಆ ದಾಖಲೆಯೇ ಮುಖ್ಯ.”

“ಹಾಗಾದರೆ ನಾನು ಪಾಠ ಅಲ್ಲಿಂದಲೇ ಶುರು ಮಾಡ್ತೀನಿ,” ಎಂದರು ಶಿಕ್ಷಕಿ. “ರಾಮಿಷ್ತ್, ಮದ್ಮೂನ್, ಮೈಮೊನಿಡೀಸ್ ಎಲ್ಲ ಗಂಡಸರು. ನನ್ನ ತರಗತಿಯಲ್ಲಿ ಅರ್ಧ ಹೆಣ್ಣುಮಕ್ಕಳಿದ್ದಾರೆ, ಅವರು ಮೊದಲು ಕೇಳೋದು ಇವಳನ್ನೇ.”

ಮೇಷ್ಟ್ರಿಗೆ ಇದು ಸರಿ ಕಾಣಲಿಲ್ಲ. ಆಶುವಿನಿಂದ ಆರಂಭಿಸಿದರೆ ಪಾಠ ಗುಲಾಮಗಿರಿಯ ಕಡೆ ತಿರುಗಿ, ಯಹೂದಿ–ಮುಸ್ಲಿಮರ ವಿಚಾರ ಹಿಂದೆ ಬೀಳುತ್ತದೆ ಎಂಬ ಆತಂಕ ಅವರದು. ಏಡನ್ ಮುತ್ತಿಗೆಯನ್ನೇ ಮೊದಲು ಹೇಳು, ಹುಡುಗರಿಗೆ ಯುದ್ಧ ಇಷ್ಟ ಎಂದರು.

“ಯುದ್ಧ ಇಷ್ಟ ಆಗಿದ್ದಕ್ಕೇ ಅಲ್ವಾ ಸರ್ ಅವರಿಬ್ಬರು ಮಾತು ಬಿಟ್ಟಿದ್ದು? ಆ ಕಾಲದಲ್ಲಿ ಜನರನ್ನೂ ಮಾರ್ತಿದ್ದರು ಅನ್ನೋದನ್ನ ಬಿಟ್ಟು ಬರೀ ಸ್ನೇಹದ ಕತೆ ಹೇಳಿದರೆ, ನಾಳೆ ದೊಡ್ಡವರಾದ ಮೇಲೆ ಅವರೇ ನನ್ನನ್ನ ಕೇಳ್ತಾರೆ. ಮಂಗಳೂರು, 1132, ಆಶು. ಮೂರು ಪದ ಬೋರ್ಡಿನ ಮೇಲೆ ಬರೀತೀನಿ. ಅಲ್ಲಿಂದ ಏಡನ್, ಏಡನ್‌ನಿಂದ ಕೈರೋ, ಜೆರುಸಲೇಮಿಗೆ ಕೊನೆಯಲ್ಲಿ ಹೋಗ್ತೀನಿ.”

“ಒಂದು ಪಿರಿಯಡ್ ಸಾಲಲ್ಲ.”

“ಎರಡು ತಗೋತೀನಿ. ಎರಡನೆಯದಕ್ಕೆ ನೀವೇ ಬನ್ನಿ. ಮುತ್ತಿಗೆ ಪಾಠ ನಿಮ್ಮದು.”

ಮೇಷ್ಟ್ರು ಒಳಗೆ ಹೋಗಿ ಪಶ್ಚಿಮ ಏಷ್ಯಾದ ಹಳೆಯ ಗೋಡೆನಕ್ಷೆ ತಂದರು. ಮಡಿಕೆಯಲ್ಲಿ ಹರಿದಿದ್ದರೂ ಏಡನ್ ಸ್ಪಷ್ಟವಾಗಿ ಕಾಣುತ್ತಿತ್ತು. ಮಂಗಳೂರು ಅದರ ಅಂಚಿಗೂ ಬರುವುದಿಲ್ಲ, ಭಾರತದ ನಕ್ಷೆಯನ್ನು ಪಕ್ಕಕ್ಕೆ ಸೇರಿಸಿ ಅಂಟಿಸಬೇಕು ಎಂದು ಶಿಕ್ಷಕಿ ಹೇಳಿದರು. ಅಳತೆ ಎರಡರಲ್ಲೂ ಒಂದೇ ಇರಬೇಕಲ್ಲ ಎಂದು ಮೇಷ್ಟ್ರು ತಕರಾರು ತೆಗೆದರು.